ನೆಟ್ಟಗೆ ಬಂದ ಗೆರೆ

ಕೋಪ ಅವಳಿಗೆ ಹೊಸದೇನಲ್ಲ. ಗಾಜಿನ ಅಂಗಡಿಯ ಕೆಲಸದವರು ಬೆನ್ನ ಹಿಂದೆ ಅವಳನ್ನು ಮೆಣಸಿನಕಾಯಿ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದಳು. ಖಾರವಿದ್ದರೆ ಯಾರೂ ಅಗಿಯಲು ಬರುವುದಿಲ್ಲ ಎಂಬುದು ಅವಳ ಲೆಕ್ಕ. ಆದರೆ ಆ ಶುಕ್ರವಾರ ಸಂಜೆ ಅತ್ತೆ ಅಂಗಡಿಯ ಹಿಂಭಾಗಕ್ಕೆ ಬಂದು, ಅವಳು ಗಾಜಿನ ಅಂಚು ತೀಡುತ್ತಿದ್ದ ಯಂತ್ರದ ಪಕ್ಕ ನಿಂತು, ಭಾನುವಾರ ಬೆಳಿಗ್ಗೆ ಮೊಮ್ಮಗಳ ಗೆರೆ ಇಟ್ಟುಕೊಂಡಿದ್ದೇವೆ ಎಂದು ಹೇಳಿ ಹೋದಾಗ ಬಂದದ್ದು ಬೇರೆಯೇ ಕೋಪ. ಕೈಯಲ್ಲಿದ್ದ ಕನ್ನಡಿಯನ್ನು ತಿರುಗುವ ಪಟ್ಟಿಗೆ ಎಷ್ಟು ಒತ್ತಿದಳೆಂದರೆ ಅದರ ಮೂಲೆ ಚಟ್ಟನೆ ಹಾರಿಹೋಯಿತು. ಗಿರಾಕಿಯ ಕನ್ನಡಿ. ಹಾಳಾಗಿ ಹೋಗಲಿ ಎಂದುಕೊಂಡಳು.

ಗೆರೆ ಎಂದರೆ ಆ ಮನೆತನದ ಪರೀಕ್ಷೆ. ಮಾವನ ಕಾಲದಲ್ಲಿ ಶುರುವಾದದ್ದು. ಮಾವ ಒಂದು ದಿನ ಕಂಠಪೂರ್ತಿ ಕುಡಿದಿದ್ದಾಗ ಯಾವುದೋ ದೊಡ್ಡ ಅಂಗಡಿಯ ಮುಂಭಾಗದ ಗಾಜು ಕತ್ತರಿಸಬೇಕಾಗಿ ಬಂತಂತೆ. ಅಳತೆಪಟ್ಟಿ ಇಡದೆ, ಬರಿಗೈಯಲ್ಲಿ, ಒಂದೇ ಎಳೆತಕ್ಕೆ ಎಳೆದರಂತೆ. ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲವಂತೆ. ಅಂದಿನಿಂದ ಈ ಮನೆಯಲ್ಲಿ ಕೆಲಸ ಕಲಿತವರು ಯಾರೇ ಆಗಲಿ, ಖಾಲಿ ಹೊಟ್ಟೆಯಲ್ಲಿ ಮೂರು ಲೋಟ ಕುಡಿದು, ಆಳುದ್ದದ ಗಾಜಿನ ಮೇಲೆ ಪಟ್ಟಿಯಿಲ್ಲದೆ ಗೆರೆ ಎಳೆಯಬೇಕು. ನೆಟ್ಟಗೆ ಬಂದರೆ ಸ್ವಂತ ಕಟರ್ ಕೊಡುತ್ತಾರೆ, ದೊಡ್ಡ ಗಾಜುಗಳೆಲ್ಲ ಆ ಕೈಗೆ ಬರುತ್ತವೆ. ಸೊಟ್ಟಗಾದರೆ ಕಿಟಕಿ ಗಾಜು, ಫೋಟೋ ಫ್ರೇಮು ಮಾಡಿಕೊಂಡು ಬಿದ್ದಿರಬೇಕು. 'ನಮ್ಮ ರಕ್ತಕ್ಕೆ ಅದು ಏರಲ್ಲ' ಎಂದು ಅತ್ತೆ ಹೇಳುತ್ತಿದ್ದರು. ಬೇರೆ ಮನೆಯ ಅಜ್ಜಿಯರು ಮೊಮ್ಮಕ್ಕಳ ಓದಿನ ಬಗ್ಗೆ ಹೇಳಿಕೊಳ್ಳುವ ಧಾಟಿಯಲ್ಲೇ ಹೇಳುತ್ತಿದ್ದರು.

ಏರದ ರಕ್ತದವರೆಲ್ಲ ಏನಾದರು ಎಂದು ಮಾತ್ರ ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಮಾವ ಕಣ್ಣು ಹಳದಿಯಾಗಿ, ಹೊಟ್ಟೆ ಊದಿಕೊಂಡು ಹೋದರು. ಅವಳ ಗಂಡನ ಗೆರೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಬಂದ ಗಿರಾಕಿಗಳಿಗೆಲ್ಲ ಅತ್ತೆ ಆ ಗಾಜನ್ನು ಹೊರಗೆ ತೆಗೆದು ತೋರಿಸುತ್ತಿದ್ದರು. ಆ ಗಾಜು ಇನ್ನೂ ಇದೆ, ಗಂಡ ಇಲ್ಲ. ಸೋತವನು ಒಬ್ಬನೇ, ಮೈದುನನ ಮಗ. ಎರಡನೆಯ ಲೋಟಕ್ಕೇ ಆ ಹುಡುಗ ಗಾಜು ಕಟ್ಟುವ ಹುಲ್ಲಿನ ರಾಶಿಯ ಮೇಲೆ ಮಲಗಿ ಸಂಜೆವರೆಗೆ ಗೊರಕೆ ಹೊಡೆದಿದ್ದ. ಮನೆಯವರೆಲ್ಲ ತಲೆ ತಗ್ಗಿಸಿದ್ದರು, ಅವನ ತಾಯಿ ಮೂರು ದಿನ ಯಾರಿಗೂ ಮುಖ ತೋರಿಸಿರಲಿಲ್ಲ. ಅವನೀಗ ಬೇರೆ ಕಡೆ ಶಾಲೆಯ ವ್ಯಾನ್ ಓಡಿಸಿಕೊಂಡು ಗುಂಡುಕಲ್ಲಿನ ಹಾಗೆ ಇದ್ದಾನೆ. ಗೆದ್ದವರು ಮಣ್ಣಲ್ಲಿ, ಸೋತವನು ವ್ಯಾನಿನಲ್ಲಿ. ಕಣ್ಣೆದುರಿಗಿದ್ದ ಇಷ್ಟು ಸರಳ ಲೆಕ್ಕ ಇವರ ತಲೆಗೆ ಹೋಗುವುದಿಲ್ಲವಲ್ಲ ಎಂದು ಅವಳಿಗೆ ಹಲ್ಲು ಕಡಿಯುವಷ್ಟು ಸಿಟ್ಟು.

ಆ ಲೆಕ್ಕವನ್ನು ಅವಳಿಗೆ ಬಿಡಿಸಿ ಹೇಳಿದ್ದು ಒಬ್ಬ ಡಾಕ್ಟರಮ್ಮ. ಗಂಡನನ್ನು ಆಸ್ಪತ್ರೆಗೆ ಸೇರಿಸಿದ್ದಾಗ, ವಾರ್ಡಿನ ಹೊರಗಿನ ಬೆಂಚಿನಲ್ಲಿ ಪಕ್ಕದಲ್ಲೇ ಕೂತು ಹೇಳಿದ್ದರು. ಕುಡಿತಕ್ಕೆ ಸಿಕ್ಕಿಬೀಳುವ ಅಪಾಯದಲ್ಲಿ ಹೆಚ್ಚುಕಡಿಮೆ ಅರ್ಧ ಹುಟ್ಟಿನಿಂದ ಬರುತ್ತದೆ, ಉಳಿದರ್ಧ ಮನೆ, ಸಹವಾಸ, ಬದುಕಿನಿಂದ. ಯಾವುದೋ ಒಂದು ಜೀನ್ ಅಲ್ಲ, ಸಣ್ಣಸಣ್ಣವು ಎಷ್ಟೋ ಸೇರಿ ಆಗುವ ಕೆಲಸ. ಒಂದು ಗುಟುಕಿಗೆ ಮುಖ ಕೆಂಪಾಗಿ ವಾಂತಿ ಬರುವವರಿಗೆ ಅವರ ಮೈಯೇ ಬಾಗಿಲು ಹಾಕಿಬಿಡುತ್ತದೆ. ಎಷ್ಟು ಕುಡಿದರೂ ಏನೂ ಆಗುವುದಿಲ್ಲ ಎನ್ನುವವರೇ ಹೆಚ್ಚು ಅಪಾಯದಲ್ಲಿರುವವರು, ಯಾಕೆಂದರೆ ಸಾಕು ಎಂದು ಹೇಳಬೇಕಾದ ಮೈ ಹೇಳುವುದೇ ಇಲ್ಲ. ಹಾಗಂತ ಇದು ಹಣೆಬರಹವೂ ಅಲ್ಲ, ಮುಟ್ಟದಿದ್ದರೆ ಆಯಿತು, ಗೊತ್ತಿದ್ದವರು ಎಷ್ಟೋ ಜನ ತಪ್ಪಿಸಿಕೊಂಡಿದ್ದಾರೆ.

ಅವಳು ಓಡಿಹೋಗಿ ಅದನ್ನು ಗಂಡನಿಗೆ ಹೇಳಿದಳು. ಗಂಡ ಅದರಲ್ಲಿ ತನಗೆ ಬೇಕಾದ ಅರ್ಧವನ್ನಷ್ಟೇ ಕೇಳಿಸಿಕೊಂಡ. ನೋಡಿದ್ಯಾ, ರಕ್ತದಲ್ಲೇ ಇದೆಯಂತೆ, ನಾನೇನು ಮಾಡಲಿ ಎಂದು ನಕ್ಕ. ಅದೇ ಸಂಜೆ ಯಾರ ಕೈಯಲ್ಲೋ ಬಾಟಲಿ ತರಿಸಿಕೊಂಡ. ಅತ್ತೆಗೆ ಹೇಳಿದರೆ ಅವರು, ಆ ಡಾಕ್ಟರಿಗೆ ಗಾಜು ಕತ್ತರಿಸೋಕೆ ಬರುತ್ತಾ ಎಂದು ಕೇಳಿದರು. ಅಲ್ಲಿಗೆ ವಿಜ್ಞಾನದ ಕತೆ ಮುಗಿಯಿತು.

ಉಳಿದವಳು ಮಗಳು. ಅರ್ಧ ಅವನದು, ಅರ್ಧ ಇವಳದು. ಇವಳ ತವರಿನಲ್ಲಿ ಅಪ್ಪ, ಚಿಕ್ಕಪ್ಪ, ಅಣ್ಣ ಯಾರಿಗೂ ಒಂದು ಗುಟುಕು ದಕ್ಕುತ್ತಿರಲಿಲ್ಲ. ಹಲ್ಲುನೋವಿಗೆಂದು ಯಾರೋ ಹತ್ತಿಯಲ್ಲಿ ಅದ್ದಿ ಇಟ್ಟದ್ದಕ್ಕೇ ಇವಳ ಮುಖ ಕೆಂಡದಂತಾಗಿತ್ತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ಮೂಗು ಅಪ್ಪನದಾಗಲಿ, ಹಟ ಅಜ್ಜಿಯದಾಗಲಿ, ಈ ಒಂದು ವಿಷಯದಲ್ಲಿ ಗಾದೆ ನಿಜವಾಗಿರಲಿ ಎಂದು ಅವಳು ಬೇಡಿಕೊಂಡಷ್ಟು ಬೇರೆ ಯಾವುದನ್ನೂ ಬೇಡಿಕೊಂಡಿರಲಿಲ್ಲ. ಮಗಳು ಇಲ್ಲಿಯವರೆಗೆ ಒಂದು ಹನಿ ಮುಟ್ಟಿರಲಿಲ್ಲ. ಆದ್ದರಿಂದ ಯಾರ ಅರ್ಧ ಬಂದಿದೆ ಎಂದು ತಿಳಿಯುವ ದಾರಿಯೂ ಇರಲಿಲ್ಲ.

ಆ ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆಯಿತು. ಮಗಳ ಸಿಟ್ಟಿಗೂ ಕಾರಣವಿತ್ತು. ಎರಡು ವರ್ಷದಿಂದ ಅಂಗಡಿಯ ದೊಡ್ಡ ಗಾಜುಗಳನ್ನೆಲ್ಲ ಕತ್ತರಿಸುತ್ತಿದ್ದವಳು ಅವಳು, ಹೆಸರು ಮಾತ್ರ ಅವಳ ಚಿಕ್ಕಪ್ಪನದು, ಅಂದರೆ ಇವಳ ಮೈದುನನದು. ಚಿಕ್ಕಪ್ಪನ ಕೈ ಬೆಳಗಿನ ಹೊತ್ತು ಹಿಡಿತಕ್ಕೆ ಬರುತ್ತಿರಲಿಲ್ಲ. ಅಂಗಡಿಯ ಬಾಗಿಲು ಎತ್ತುವ ಮೊದಲು ಒಳಕೋಣೆಗೆ ಹೋಗಿ ಸ್ಟೀಲ್ ಲೋಟದಲ್ಲಿ 'ಕಾಫಿ' ಕುಡಿದು ಬಂದರೆ ಆಮೇಲೆ ಸರಿ. ಆ ಕಾಫಿಯ ವಾಸನೆ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಹೆಣ್ಣುಮಗಳಿಗೆ ಗೆರೆಯೇ ಎಂದು ಅತ್ತೆ ಮೊದಲು ಮೂಗು ಮುರಿದಿದ್ದರು. ಆಮೇಲೆ ಅವಳೂ ನಮ್ಮ ರಕ್ತವೇ ಅಲ್ಲವೇ ಎಂದು ಒಪ್ಪಿದ್ದರು.

"ನನ್ನ ಕೆಲಸಕ್ಕೆ ನನ್ನ ಹೆಸರು ಬೇಕು ಅಮ್ಮ," ಎಂದಳು ಮಗಳು. "ಒಂದೇ ಒಂದು ಸಲ ಕುಡಿದ್ರೆ ಸತ್ತೋಗ್ತೀನಾ?"

"ಒಂದು ಸಲಕ್ಕೆ ಯಾರೂ ಸಾಯಲ್ಲ. ನಿಮ್ಮಪ್ಪನೂ ಒಂದು ಸಲಕ್ಕೆ ಸಾಯಲಿಲ್ಲ."

ಮಗಳು ತಟ್ಟೆ ಬಿಟ್ಟು ಎದ್ದಳು. ಅವಳಿಗೂ ಸಿಟ್ಟು ಮೂಗಿನ ತುದಿಯಲ್ಲೇ. ಅದಂತೂ ತಾಯಿಯದೇ ಅರ್ಧ, ಅನುಮಾನವಿಲ್ಲ.

ಶನಿವಾರವಿಡೀ ಅವಳು ಏನೇನೋ ಯೋಚಿಸಿದಳು. ಮಗಳನ್ನು ಕೋಣೆಯಲ್ಲಿ ಕೂಡಿಹಾಕೋಣವೇ? ಇಪ್ಪತ್ತಮೂರರ ಹುಡುಗಿ, ಬಾಗಿಲು ಒಡೆದು ಬರುತ್ತಾಳೆ. ಬಾಟಲಿಗಳನ್ನು ಒಡೆಯೋಣವೇ? ಬೀದಿಗೊಂದು ಅಂಗಡಿ ಇದೆ, ಇನ್ನೊಂದು ತರುತ್ತಾರೆ. ಕೈಮುಗಿದು ಕೇಳೋಣವೇ? ಹದಿನೈದು ವರ್ಷ ಕೈಮುಗಿದಾಗಿತ್ತು, ಗಂಡನ ಮುಂದೆ, ಅತ್ತೆಯ ಮುಂದೆ. ಅದರಿಂದ ಕೈ ನೋವು ಬಂದದ್ದೇ ಲಾಭ. ಇನ್ನು ಕೈ ಮುಗಿಯುವವಳಲ್ಲ ಎಂದು ಅವಳು ನಿರ್ಧರಿಸಿದಳು.

ಭಾನುವಾರ ಬೆಳಿಗ್ಗೆ ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದಿದ್ದರು. ಕಂಬಳಿ ಹೊದಿಸಿದ ಉದ್ದ ಮೇಜಿನ ಮೇಲೆ ಒರೆಸಿ ಇಟ್ಟ ಗಾಜು. ಪಕ್ಕದ ಸ್ಟೂಲಿನ ಮೇಲೆ ಬಾಟಲಿ, ಲೋಟಗಳು, ಕಟರಿನ ಚಕ್ರ ಅದ್ದಲು ಎಣ್ಣೆಯ ಬಟ್ಟಲು. ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಕೆಲಸದವರು ನಾಲ್ಕೈದು ಜನ ಗೋಡೆಗೆ ಒರಗಿ ನಿಂತಿದ್ದರು. ಮೈದುನ ಮೇಜಿನ ತುದಿಯಲ್ಲಿ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿ ನಿಂತಿದ್ದ. ಪರೀಕ್ಷೆ ಮಾಡುವವನು ಗೆರೆ ಮುಗಿಯುವವರೆಗೆ ಒಂದು ಹನಿಯೂ ಕುಡಿಯಬಾರದು ಎಂಬುದು ಮಾವ ಮಾಡಿಟ್ಟ ನಿಯಮ. ಅವನ ಹಣೆಯ ಮೇಲೆ ಬೆವರಿತ್ತು.

ಮಗಳು ತೋಳು ಮಡಚಿ ಮುಂದೆ ಬಂದಾಗ ಇವಳು ಅಡ್ಡ ನಿಂತಳು.

"ಮೊದಲು ನಾನು," ಎಂದಳು.

ನೀನು ಹೊರಗಿನಿಂದ ಬಂದವಳು, ನಿನಗೆಲ್ಲಿಯ ಗೆರೆ ಎಂದು ಅತ್ತೆ ಗದರಿದರು.

"ಹೊರಗಿನಿಂದ ಬಂದವಳ ಅರ್ಧ ಅವಳ ಮೈಯಲ್ಲಿದೆ ಅತ್ತೆ. ಪರೀಕ್ಷೆ ಮಾಡೋದಾದ್ರೆ ಅದನ್ನೂ ಮಾಡಿ."

ಯಾರೂ ಕೊಡದಿದ್ದಾಗ ತಾನೇ ಬಗ್ಗಿಸಿಕೊಂಡಳು. ಒಂದು ಲೋಟ. ಮೂಗು ಹಿಡಿದು, ಕಣ್ಣು ಮುಚ್ಚಿ, ಔಷಧಿ ಕುಡಿದ ಹಾಗೆ ಕುಡಿದಳು. ಗಂಟಲು ಸುಟ್ಟುಹೋಯಿತು. ಸ್ವಲ್ಪ ಹೊತ್ತಿಗೆ ಕಿವಿ ಬಿಸಿಯಾಯಿತು, ಕತ್ತು, ಕೆನ್ನೆ, ಕಣ್ಣಿನ ಬಿಳಿ ಎಲ್ಲ ಕೆಂಪಾಯಿತು. ಎದೆ ಒಂದೇ ಸಮ ಬಡಿದುಕೊಳ್ಳತೊಡಗಿತು. ಆದರೂ ಬಿಡಲಿಲ್ಲ, ಕಟರ್ ಹಿಡಿದು ಗಾಜಿನ ಮೇಲೆ ಎಳೆದಳು. ಗೆರೆ ದಾರಿ ತಪ್ಪಿದ ಇರುವೆಯ ಹಾಗೆ ಅತ್ತಿತ್ತ ಹೋಗಿ ಅರ್ಧದಲ್ಲೇ ನಿಂತಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಓಡಿ, ಒಡಕು ಗಾಜಿನ ಡ್ರಮ್ಮಿಗೆ ಬಗ್ಗಿ ವಾಂತಿ ಮಾಡಿದಳು.

ಅಂಗಡಿಯೆಲ್ಲ ನಗು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮಕ್ಕ ಸದ್ಯ ಗಾಜು ಡೊಂಕು ಅನ್ನಲಿಲ್ಲ ಎಂದು ಒಬ್ಬ ಅಂದ. ಅತ್ತೆಯ ಹೊಟ್ಟೆ ಕುಲುಕುತ್ತಿತ್ತು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಮಗಳ ಕಡೆ ತಿರುಗಿದಳು.

"ನೋಡಿದ್ಯಾ? ಮೈ ನೆಟ್ಟಗಿದ್ದರೆ ಹೀಗಾಗ್ಬೇಕು. ನಿಂಗೂ ಹೀಗೇ ಆದ್ರೆ ನನ್ನ ಪುಣ್ಯ. ನಗಲಿ ಬಿಡು, ನಕ್ಕವರೆಲ್ಲ ನಗಲಿ."

ಮಗಳು ನಗಲಿಲ್ಲ. ನಾಚಿಕೆಯಿಂದ ಅವಳ ತುಟಿ ಬಿಗಿದುಕೊಂಡಿತ್ತು. ತಾಯಿಯ ಮೇಲಿನ ಸಿಟ್ಟಿನಲ್ಲೇ ಮೊದಲ ಲೋಟ ಎತ್ತಿದಳು, ಎರಡನೆಯದು, ಮೂರನೆಯದು.

ತಾಯಿ ಕಣ್ಣು ಮಿಟುಕಿಸದೆ ನೋಡಿದಳು. ಒಲೆಯ ಮೇಲಿನ ಹಾಲನ್ನೂ ಅವಳು ಅಷ್ಟು ಎಚ್ಚರದಿಂದ ಕಾದವಳಲ್ಲ. ಮಗಳ ಕಿವಿ ನೋಡಿದಳು, ಕತ್ತು ನೋಡಿದಳು, ಕಣ್ಣಿನ ಬಿಳಿ ನೋಡಿದಳು. ಕೆಂಪಾಗು, ಕೆಂಪಾಗು ಎಂದು ಒಳಗೊಳಗೇ ಬೈಯುತ್ತಿದ್ದಳು. ಅಮಲು ಏರಲೆಂದು ಎಲ್ಲರೂ ಇಪ್ಪತ್ತು ನಿಮಿಷ ಕಾದರು. ಮಗಳ ಮುಖ ಬೆಳಿಗ್ಗೆ ಎದ್ದಾಗ ಹೇಗಿತ್ತೋ ಹಾಗೇ ಇತ್ತು. ಕೆಲಸದವರಲ್ಲೊಬ್ಬ ಏನೋ ಕೇಳಿದ್ದಕ್ಕೆ ಮಾತು ತೊದಲದೆ ಉತ್ತರ ಕೊಟ್ಟಳು, ಕಟರಿನ ಚಕ್ರವನ್ನು ಎಣ್ಣೆಯಲ್ಲಿ ಅದ್ದಿ, ಹೊಸದಾಗಿ ತಂದಿಟ್ಟ ಗಾಜಿನ ಮೇಲೆ ಉಸಿರು ಹಿಡಿದು ಎಳೆದಳು.

ಒಳ್ಳೆಯ ಗೆರೆಗೆ ಒಂದೇ ಶಬ್ದ, ಬಟ್ಟೆ ಹರಿದ ಹಾಗೆ ಉದ್ದಕ್ಕೂ ಒಂದೇ ಸಮ. ಆ ಶಬ್ದ ಕೇಳಿಯೇ ತಾಯಿಗೆ ಗೊತ್ತಾಯಿತು. ಮಗಳು ಗಾಜಿನ ಅಡಿ ತಟ್ಟಿ, ಮೇಜಿನ ಅಂಚಿಗೆ ತಂದು ಮುರಿದಳು. ಎರಡು ಹೋಳುಗಳು ಬೇರಾದವು. ಮೈದುನ ಪಟ್ಟಿ ತಂದು ಇಡಲೂ ಇಲ್ಲ, ಇಡುವ ಅಗತ್ಯವೇ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಕುರ್ಚಿಯಿಂದ ಎದ್ದು ಬಂದು, ಅಪ್ಪನ ಮಗಳು ಕಣೇ ನೀನು ಎಂದು ಮೊಮ್ಮಗಳ ಗಲ್ಲ ಹಿಡಿದು ಕಣ್ಣೀರು ಹಾಕಿದರು. ಮಗಳ ಕಣ್ಣು ಹೊಳೆಯುತ್ತಿತ್ತು.

"ಅಮ್ಮ, ನೀನು ಸುಮ್ನೆ ಹೆದರಿದ್ದೆ. ನಂಗೇನೂ ಆಗಲೇ ಇಲ್ಲ."

ತಾಯಿಗೆ ಅಲ್ಲೇ ಕೂತು ಎದೆ ಬಡಿದುಕೊಳ್ಳಬೇಕು ಅನ್ನಿಸಿತು. ಮನೆಗೆ ಬೆಂಕಿ ಬಿದ್ದಾಗ ಬೆಳಕು ಚೆನ್ನಾಗಿದೆ ಎಂದು ಕುಣಿಯುವವರ ನಡುವೆ ಅವಳೊಬ್ಬಳೇ ನಿಂತಿದ್ದಳು.

ಗೆರೆ ಗೆದ್ದವರಿಗೆ ಸಂತೋಷದ ಲೋಟ ಎಂದು ಇನ್ನೊಂದು ಕೊಡುವುದಿತ್ತು. ಅತ್ತೆ ಅದನ್ನು ತಮ್ಮ ಕೈಯಾರೆ ತುಂಬಿದರು. ಅವರು ಚಾಚುವ ಮೊದಲೇ ಮಗಳ ಕೈ ಮುಂದೆ ಹೋಯಿತು. ಬೇರೆ ಯಾರೂ ಅದನ್ನು ಗಮನಿಸಲಿಲ್ಲ, ತಾಯಿ ಗಮನಿಸಿದಳು. ನಡುವೆ ನುಗ್ಗಿ ಲೋಟ ಕಿತ್ತು ಮೇಜಿನ ಮೇಲೆ ಕುಕ್ಕಿ, ಅದರ ಬಾಯಿಯ ಮೇಲೆ ಅಂಗೈ ಇಟ್ಟಳು.

"ರಕ್ತ ರಕ್ತ ಅಂತೀರಲ್ಲ ಅತ್ತೆ," ಎಂದಳು. "ನಿಮ್ಮ ಮಗನ ರಕ್ತಾನ ಬಕೆಟ್‌ನಲ್ಲಿ ಹಿಡಿದವಳು ನಾನು. ಬಾಯಿಂದ ಬರ್ತಿತ್ತು. ನೀವು ಆ ದಿನ ಇಲ್ಲಿ ಕೂತು ಅವನ ಗಾಜು ತೋರಿಸ್ತಿದ್ರಿ. ಇನ್ನೊಂದು ಬಕೆಟ್ ಹಿಡಿಯೋಕೆ ನನ್ನ ಕೈಲಿ ಆಗಲ್ಲ."

ಶುಭದ ಹೊತ್ತಲ್ಲಿ ಇದೆಂಥ ಮಾತು ಎಂದು ಅತ್ತೆ ಶುರುಮಾಡಿದರು. ಅವಳು ಕೇಳಿಸಿಕೊಳ್ಳಲಿಲ್ಲ. ಮೈದುನನ ಕಡೆ ತಿರುಗಿದಳು.

"ಈ ಲೋಟ ನಿಂಗೇ ಕೊಡ್ತೀನಿ. ಅದಕ್ಕಿಂತ ಮುಂಚೆ ನೀನೊಂದು ಗೆರೆ ಎಳಿ. ರಕ್ತದ ಮೇಲೆ ಅಷ್ಟು ನಂಬಿಕೆ ಇದ್ರೆ, ಅದೊಂದನ್ನೇ ಇಟ್ಕೊಂಡು ಎಳಿ."

ಮೈದುನ ಕೆಟ್ಟವನಲ್ಲ. ಅಣ್ಣ ಹೋದ ಮೇಲೆ ಇವರಿಬ್ಬರ ಊಟ ಬಟ್ಟೆಗೆ ಕಡಿಮೆ ಮಾಡಿದವನಲ್ಲ. ಅವನು ಅವಳ ಮುಖ ನೋಡದೆ, ಅತ್ತಿಗೆ ಬೇಡ ಎಂದು ಮೆಲ್ಲಗೆ ಹೇಳಿದ. ಒಂದು ಕ್ಷಣ ಅವಳಿಗೂ ಬಿಟ್ಟುಬಿಡೋಣ ಅನ್ನಿಸಿತು. ಆದರೆ ಬಿಡದವರು ಅತ್ತೆ. ಎಳಿ ಮಗಾ, ಎಳೆದು ಅವಳ ಬಾಯಿ ಮುಚ್ಚಿಸು ಎಂದರು. ತಾಯಿಯ ಮಾತು, ಕೆಲಸದವರ ಕಣ್ಣು. ಅವನು ಜೇಬಿನಿಂದ ಕೈ ಹೊರಗೆ ತೆಗೆದ.

ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಅಷ್ಟು ಹತ್ತಿರದಿಂದ, ಹಗಲಲ್ಲಿ, ಯಾರೂ ಅದನ್ನು ನೋಡಿರಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದರೆ ಎರಡೂ ನಡುಗಿದವು. ಕಟರ್ ಎಣ್ಣೆಯ ಬಟ್ಟಲಿನ ಅಂಚಿಗೆ ಟಕಟಕ ಬಡಿಯಿತು. ಗಾಜಿಗೆ ಮುಟ್ಟಿಸಿ ಎಳೆದ, ಚಕ್ರ ಜಾರಿತು, ಮತ್ತೆ ಕಚ್ಚಿತು, ಮತ್ತೆ ಜಾರಿತು. ನಡುವೆ ನಿಂತು ಮತ್ತೆ ಅದೇ ಗೆರೆಯ ಮೇಲೆ ಎಳೆದ. ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠವೇ ಅದು, ಒಂದೇ ಗೆರೆಯ ಮೇಲೆ ಎರಡನೆಯ ಸಲ ಹೋಗಬೇಡ ಎಂದು. ಗಾಜನ್ನು ಅಂಚಿಗೆ ತಂದು ಮುರಿದಾಗ ಅದು ಗೆರೆ ಬಿಟ್ಟು ಎಲ್ಲೆಲ್ಲೋ ಸೀಳಿ ಮೂರು ಚೂರಾಗಿ ನೆಲಕ್ಕೆ ಬಿತ್ತು.

ಯಾರೂ ನಗಲಿಲ್ಲ. ಮೈದುನನ ಮುಖ ಬೂದಿಯಂತಾಗಿತ್ತು. ಅವನು ಅವಳ ಅಂಗೈಯನ್ನು ನಿಧಾನವಾಗಿ ಸರಿಸಿ, ಕೆಳಗಿದ್ದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಸ್ವಲ್ಪ ಗಲ್ಲದ ಮೇಲೆ ಚೆಲ್ಲಿತು. ತಾನೇ ಇನ್ನೊಂದು ತುಂಬಿ ಕುಡಿದ. ಮೇಜಿಗೆ ಒರಗಿ ಕಣ್ಣು ಮುಚ್ಚಿಕೊಂಡು ನಿಂತ. ಐದು ಹತ್ತು ನಿಮಿಷ ಕಳೆಯಿತು. ಆಮೇಲೆ ಅವನು ಹೊಸ ಗಾಜು ಎಳೆದುಕೊಂಡ, ಕಟರ್ ಅದ್ದಿದ, ಎಳೆದ. ಕೈ ಕಲ್ಲಿನ ಹಾಗೆ ನಿಂತಿತ್ತು. ಶಬ್ದ ಉದ್ದಕ್ಕೂ ಒಂದೇ ಸಮ ಬಂತು. ಮುರಿದಾಗ ಬಂದ ಅಂಚು ಎಷ್ಟು ಚೆನ್ನಾಗಿತ್ತೆಂದರೆ ತೀಡುವ ಕೆಲಸವೇ ಇರಲಿಲ್ಲ. ಮಗಳ ಗೆರೆಗಿಂತ ಒಂದು ಕೈ ಮೇಲೆಯೇ.

ಅವನು ತಲೆಯೆತ್ತಿ ಮಾನ ಮರಳಿ ಬಂದವನ ಹಾಗೆ ಎಲ್ಲರನ್ನೂ ನೋಡಿ ನಕ್ಕ. ಚಪ್ಪಾಳೆಗೆ ಕಾದ. ಅತ್ತೆಯ ಕೈಗಳು ಅಭ್ಯಾಸಬಲದಿಂದ ಮೇಲೆದ್ದವು, ತಟ್ಟದೆ ಹಾಗೇ ಉಳಿದವು. ಗೋಡೆಗೆ ಒರಗಿದ್ದವರು ನೆಲದ ಮೇಲಿನ ಚೂರುಗಳನ್ನು ನೋಡುತ್ತಿದ್ದರು.

ಮಗಳು ತಾಯಿಯ ಹತ್ತಿರ ಬಂದು ನಿಂತಳು. ಚಿಕ್ಕಪ್ಪನ ಕೈಯನ್ನೇ ನೋಡುತ್ತಿದ್ದಳು. ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು.

"ಅಮ್ಮ, ಆ ಲೋಟ ನಂಗೆ ಬೇಕಿತ್ತು. ಈಗ್ಲೂ ಬೇಕು ಅನ್ನಿಸ್ತಿದೆ."

ತಾಯಿಯ ಕೋಪ ಒಂದು ಸಲ ಮೈತುಂಬ ಓಡಾಡಿತು, ಯಾರ ಮೇಲೆ ಬೀಳಬೇಕೆಂದು ಹುಡುಕಿತು. ಅತ್ತೆಯ ಮೇಲೆ ಬೀಳಬಹುದಿತ್ತು, ಸತ್ತವರ ಮೇಲೆ ಬೀಳಬಹುದಿತ್ತು, ಎದುರಿಗಿದ್ದ ಈ ಕೆನ್ನೆಯ ಮೇಲೂ ಬೀಳಬಹುದಿತ್ತು. ಅವಳು ಮಗಳ ಮಣಿಕಟ್ಟು ಹಿಡಿದಳು, ನೋಯುವಷ್ಟು ಬಿಗಿಯಾಗಿ.

"ನಿಮ್ಮಪ್ಪ ಇದನ್ನ ಒಂದು ದಿನಾನೂ ಬಾಯಿಬಿಟ್ಟು ಹೇಳಲಿಲ್ಲ," ಎಂದಳು. "ನೀನು ಹೇಳ್ದೆ. ನಾಳೆ ಅನ್ನಿಸಿದ್ರೂ ಹೇಳು, ನಾಡಿದ್ದು ಅನ್ನಿಸಿದ್ರೂ ಹೇಳು. ನಾನು ಬೈತೀನಿ, ಬೈಸ್ಕೊಂಡು ಹೇಳು. ಆ ಕಟರ್ ತಗೋ, ಅದು ನಿನ್ನ ಕೈಕೆಲಸಕ್ಕೆ ಬಂದಿದ್ದು, ಲೋಟಕ್ಕೆ ಬಂದಿದ್ದಲ್ಲ. ನಡಿ ಈಗ."

ಮಗಳು ಕಟರ್ ತೆಗೆದುಕೊಂಡಳು. ಇಬ್ಬರೂ ಅರ್ಧ ಎಳೆದ ಬಾಗಿಲಿನ ಕೆಳಗೆ ಬಗ್ಗಿ ಬೀದಿಗೆ ಬಂದರು. ಬಿಸಿಲು ಚುರುಕಾಗಿತ್ತು. ಒಂದೇ ಲೋಟ ಕುಡಿದು ಅದನ್ನೂ ಕಕ್ಕಿದ ತಾಯಿಗೆ ತಲೆ ಸುತ್ತಿ, ಕಾಲು ಎಲ್ಲೆಲ್ಲೋ ಬೀಳುತ್ತಿತ್ತು, ಮಗಳ ಹೆಗಲು ಹಿಡಿದುಕೊಂಡೇ ನಡೆಯಬೇಕಾಯಿತು. ಮೂರು ಲೋಟ ಕುಡಿದ ಮಗಳು ಅವಳನ್ನು ಆನಿಸಿಕೊಂಡು, ಒಂದು ಹೆಜ್ಜೆಯೂ ತಪ್ಪದೆ, ಮನೆಯವರೆಗೆ ನೆಟ್ಟಗೆ ನಡೆಸಿಕೊಂಡು ಹೋದಳು.